ಉಪ್ಪುನೀರಿನ ಮೇಲೆ ಸಿಹಿನೀರಿನ ಲೆಕ್ಕ

ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಕೊನೆಯಲ್ಲಿ, ರಾಮೇಶ್ವರವಿರುವ ಪಾಂಬನ್ ದ್ವೀಪದ ಉತ್ತರಕ್ಕೆ ಆಳವಿಲ್ಲದ ಪಾಕ್ ಕೊಲ್ಲಿಯೂ ದಕ್ಷಿಣಕ್ಕೆ ಮನ್ನಾರ್ ಕೊಲ್ಲಿಯೂ ಇವೆ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ನೈಋತ್ಯದ ಗಾಳಿ ದಿನಗಟ್ಟಲೆ ಎಡೆಬಿಡದೆ ಬೀಸುತ್ತದೆ. ಇದೇ ಮಾರುತ ಮಂಗಳೂರು, ಕಾರವಾರಗಳ ಕಡೆ ಮಳೆ ಸುರಿಸಿ ಕಡಲನ್ನು ಯಾರೂ ಇಳಿಯಲಾಗದಂತೆ ಕೆರಳಿಸಿರುವ ಹೊತ್ತಿನಲ್ಲಿ, ಘಟ್ಟಗಳ ಆಚೆ ಮಳೆನೆರಳಿಗೆ ಸಿಕ್ಕ ರಾಮನಾಥಪುರದಲ್ಲಿ ಬಿಸಿಲು ಕಾಯುತ್ತಿರುತ್ತದೆ. ಅಲ್ಲಿನ ಮುಖ್ಯ ಮಳೆಗಾಲ ಬರುವುದು ಅಕ್ಟೋಬರ್‌ನಲ್ಲಿ, ಈಶಾನ್ಯ ಮಾರುತದೊಂದಿಗೆ. ಬಿಸಿಲು, ಬಲವಾದ ಗಾಳಿ, ಸೊಂಟದಾಳದ ಸಮತಟ್ಟು ನೀರು ಇವು ಮೂರೂ ಒಂದೇ ಕಡೆ ಒದಗುವುದರಿಂದಲೇ ಈ ದಂಡೆಯೂ, ಸಮುದ್ರದ ಆಚೆಗಿನ ಶ್ರೀಲಂಕಾದ ಕಲ್ಪಿಟಿಯ ಹಿನ್ನೀರೂ ಕೈಟ್‌ಸರ್ಫಿಂಗ್ ಎಂಬ ಆಟಕ್ಕೆ ಹೆಸರಾಗಿವೆ. ದೇಹದ ನೀರು ಬೇಗನೆ ಖಾಲಿಯಾಗುವುದಕ್ಕೆ ಬೇಕಾದ ಅನುಕೂಲಗಳೂ ಬಹುಮಟ್ಟಿಗೆ ಇವೇ ಎಂಬುದನ್ನು ಆಟದ ಹುರುಪಿನಲ್ಲಿ ಅನೇಕರು ಮರೆಯುತ್ತಾರೆ.

ಕೈಟ್‌ಸರ್ಫಿಂಗ್ ಎಂದರೆ ದೊಡ್ಡ ಗಾಳಿಪಟವೊಂದರ ಎಳೆತಕ್ಕೆ ಮೈಯೊಡ್ಡಿ, ಕಾಲಿಗೆ ಸಿಕ್ಕಿಸಿಕೊಂಡ ಹಲಗೆಯ ಮೇಲೆ ನೀರನ್ನು ಸೀಳುತ್ತ ಸಾಗುವ ಕ್ರೀಡೆ. ಫ್ರಾನ್ಸಿನ ಬ್ರಿಟನಿ ಪ್ರಾಂತದ ಲೆಗೆನ್ಯು ಸಹೋದರರು ಗಾಳಿ ತುಂಬಿದ ಕೊಳವೆಗಳ ಚೌಕಟ್ಟುಳ್ಳ, ನೀರಿಗೆ ಬಿದ್ದರೂ ಮತ್ತೆ ಮೇಲೇಳಬಲ್ಲ ಪಟಕ್ಕೆ 1984ರಲ್ಲಿ ಪೇಟೆಂಟ್ ಕೋರಿದ ಮೇಲೆ ಈ ಆಟಕ್ಕೆ ಇಂದಿನ ರೂಪ ಬರತೊಡಗಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ, ಮಾರ್ಸೇ ನಗರದ ಕಡಲಿನಲ್ಲಿ, ಅದು ಮೊದಲ ಬಾರಿಗೆ ಪದಕದ ಸ್ಪರ್ಧೆಯೂ ಆಯಿತು. ಪಟದಿಂದ ಇಪ್ಪತ್ತು ಮೀಟರಿನಷ್ಟು ಉದ್ದಕ್ಕೆ ಇಳಿದು ಬರುವ ದಾರಗಳು ಸವಾರನ ಕೈಯಲ್ಲಿರುವ ಬಾರ್ ಎಂಬ ಅಡ್ಡಕೋಲನ್ನು ಸೇರುತ್ತವೆ. ಎಳೆತದ ಬಹುಪಾಲನ್ನು ಸೊಂಟಕ್ಕೆ ಬಿಗಿದ ಹಾರ್ನೆಸ್ ಎಂಬ ಪಟ್ಟಿ ಹೊರುವುದರಿಂದ ತೋಳುಗಳಿಗೆ ಬಿಡುವಿರುತ್ತದೆಯಾದರೂ ತೊಡೆ, ಬೆನ್ನು ಮತ್ತು ಹೊಟ್ಟೆಯ ಸ್ನಾಯುಗಳಿಗೆ ಅದು ಸಿಗುವುದಿಲ್ಲ. ಗಂಟೆಗೆ ಸುಮಾರು 28ರಿಂದ 46 ಕಿಲೋಮೀಟರ್ ವೇಗದ, ಎಂದರೆ 15ರಿಂದ 25 ನಾಟ್‌ಗಳ ಗಾಳಿ ಸಿಕ್ಕಿದ ದಿನ ನೀರಿಗಿಳಿದವರು ಎರಡು ಮೂರು ಗಂಟೆ ಮೇಲೆ ಬರದಿರುವುದು ಸಾಮಾನ್ಯ, ಏಕೆಂದರೆ ಗಾಳಿ ಯಾವಾಗ ಬಿದ್ದುಹೋಗುತ್ತದೋ ಯಾರಿಗೂ ತಿಳಿದಿರುವುದಿಲ್ಲ.

ದುಡಿಯುವ ಸ್ನಾಯು ತಾನು ಬಳಸುವ ಶಕ್ತಿಯಲ್ಲಿ ನಾಲ್ಕನೆಯ ಒಂದು ಭಾಗವನ್ನಷ್ಟೇ ಚಲನೆಗೆ ತಿರುಗಿಸಬಲ್ಲದು. ಉಳಿದದ್ದೆಲ್ಲ ಶಾಖವಾಗಿ ದೇಹದೊಳಗೆ ಸೇರುತ್ತದೆ. ಈ ಶಾಖವನ್ನು ಹೊರಹಾಕಲು ಬಿಸಿನಾಡಿನ ಮಧ್ಯಾಹ್ನದಲ್ಲಿ ದೇಹಕ್ಕಿರುವ ಮುಖ್ಯ ದಾರಿ ಬೆವರು, ಅದೂ ಚರ್ಮದ ಮೇಲೆಯೇ ಆವಿಯಾಗುವ ಬೆವರು. ಒಂದು ಲೀಟರ್ ಬೆವರು ಪೂರ್ತಿಯಾಗಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ದೇಹವನ್ನು ಬಿಟ್ಟುಹೋಗುತ್ತದೆ. ಬಲವಾದ ವ್ಯಾಯಾಮದಲ್ಲಿ ತೊಡಗಿದ ವಯಸ್ಕರು ಗಂಟೆಗೆ ಅರ್ಧ ಲೀಟರಿನಿಂದ ಎರಡು ಲೀಟರಿನವರೆಗೂ ಬೆವರಬಲ್ಲರು, ಮತ್ತು ಒಬ್ಬರಿಂದೊಬ್ಬರಿಗೆ ಇರುವ ಈ ವ್ಯತ್ಯಾಸ ಎಷ್ಟು ದೊಡ್ಡದೆಂದರೆ ಎಲ್ಲರಿಗೂ ಹೊಂದುವ ಒಂದೇ ಅಳತೆಯನ್ನು ಹೇಳುವ ಯಾವ ಸಲಹೆಯನ್ನೂ ಸಂದೇಹದಿಂದ ನೋಡುವುದೇ ಲೇಸು.

ಗಾಳಿಯ ಪಾತ್ರ ಇಲ್ಲಿ ಎರಡು ಬಗೆಯದು. ಕಡಲತಡಿಯ ತೇವದ ಹವೆಯಲ್ಲಿ ಆವಿಯಾಗದೆ ತೊಟ್ಟಿಕ್ಕಿ ಹೋಗಬಹುದಾಗಿದ್ದ ಬೆವರನ್ನು ಗಾಳಿ ಬೇಗನೆ ಆವಿಯಾಗಿಸುವುದರಿಂದ ದೇಹ ಕಡಿಮೆ ಬೆವರಿನಲ್ಲಿ ಹೆಚ್ಚು ತಂಪಾಗುತ್ತದೆ; ಆ ಮಟ್ಟಿಗೆ ಗಾಳಿ ಉಪಕಾರಿಯೇ. ಆದರೆ ಗದ್ದೆಯಲ್ಲಿ ದುಡಿಯುವವರ ಅಂಗಿ ತೊಯ್ದು ಅಂಟಿಕೊಂಡು ನೀಡುವಂಥ ಸೂಚನೆ ಇಲ್ಲಿ ಸವಾರನಿಗೆ ಸಿಗುವುದಿಲ್ಲ. ಮೈಯೆಲ್ಲ ಮೊದಲೇ ಸಮುದ್ರದ ನೀರಿನಲ್ಲಿ ತೊಯ್ದಿರುತ್ತದೆ, ಮುಖಕ್ಕೆ ತುಂತುರು ಹೊಡೆಯುತ್ತಿರುತ್ತದೆ, ಚರ್ಮ ತಣ್ಣಗಿರುತ್ತದೆ. ಬೆವರುತ್ತಿದ್ದೇನೆಂಬ ಅರಿವೇ ಹುಟ್ಟುವುದಿಲ್ಲ. ಇದರ ಮೇಲೆ, ಗಾಳಿಯ ಚಳಿಗೆಂದೋ ಬಿದ್ದಾಗ ಪೆಟ್ಟಾಗದಿರಲೆಂದೋ ತೊಡುವ ನಿಯೋಪ್ರೀನ್ ಎಂಬ ನೊರೆರಬ್ಬರಿನ ಉಡುಪು ಆವಿಯ ದಾರಿಯನ್ನೇ ಮುಚ್ಚುತ್ತದೆ. ಅದರ ಅಡಿಯಲ್ಲಿ ಹರಿಯುವ ಬೆವರು ತಂಪನ್ನು ಕೊಡದೆಯೇ ವ್ಯರ್ಥವಾಗುವುದರಿಂದ, ಬೆಚ್ಚನೆಯ ಪಾಕ್ ಕೊಲ್ಲಿಯಲ್ಲಿ ದಪ್ಪ ಉಡುಪಿಗಿಂತ ತೆಳುವಾದ ತುಂಬುತೋಳಿನ ಅಂಗಿಯೇ ಮೇಲು.

ಬೆವರು ಎಲ್ಲರೂ ಊಹಿಸಬಹುದಾದ ನಷ್ಟ. ಊಹಿಸಲಾಗದ ನಷ್ಟ ಇನ್ನೊಂದಿದೆ. ನೀರಿನಲ್ಲಿ ಹೆಚ್ಚು ಹೊತ್ತು ನಿಂತವರಿಗೆ, ಬಾಯಿಗೆ ಹನಿ ನೀರು ಬೀಳದಿದ್ದರೂ, ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕೆನಿಸುವುದು ಈಜು ಬಲ್ಲ ಎಲ್ಲರಿಗೂ ಗೊತ್ತು. ಅದು ಕೇವಲ ತಂಪಿನ ಪರಿಣಾಮವೆಂದು ಬಹುಜನರ ನಂಬಿಕೆ. ತಂಪಿನ ಪಾತ್ರವೂ ಇದೆಯಾದರೂ ಮೂಲಕಾರಣ ನೀರಿನ ಒತ್ತಡ. ಒಂದು ಮೀಟರ್ ಆಳದಲ್ಲಿ ನೀರು ಚರ್ಮದ ಮೇಲೆ ಹಾಕುವ ಒತ್ತಡ ಪಾದರಸದ ಸುಮಾರು 74 ಮಿಲಿಮೀಟರಿಗೆ ಸಮ. ಕಾಲಿನ ಅಭಿಧಮನಿಗಳು, ಎಂದರೆ ಹೃದಯಕ್ಕೆ ಮರಳುವ ರಕ್ತವನ್ನು ಹೊತ್ತ ಮೆದು ನಾಳಗಳು, ಈ ಒತ್ತಡಕ್ಕೆ ಹಿಂಡಲ್ಪಟ್ಟು ತಮ್ಮಲ್ಲಿದ್ದ ರಕ್ತವನ್ನು ಎದೆಯ ಕಡೆಗೆ ತಳ್ಳುತ್ತವೆ; ಕುತ್ತಿಗೆಯವರೆಗೆ ಮುಳುಗಿ ನಿಂತ ವಯಸ್ಕರಲ್ಲಿ ಹೀಗೆ ಎದೆಗೂಡಿಗೆ ಸೇರುವ ರಕ್ತ ಸುಮಾರು 700 ಮಿಲಿಲೀಟರ್. ಹಿಗ್ಗಿದ ಹೃದಯದ ಮೇಲ್ಕೋಣೆಗಳು ಇದನ್ನು ರಕ್ತ ಹೆಚ್ಚಾಗಿದೆ ಎಂಬ ಸುದ್ದಿಯಾಗಿ ಓದಿಕೊಳ್ಳುತ್ತವೆ. ಆಗ ನೀರನ್ನು ಹಿಡಿದಿಡುವ ಹಾರ್ಮೋನು ಇಳಿಯುತ್ತದೆ, ಹೃದಯವೇ ಸ್ರವಿಸುವ ಎ.ಎನ್.ಪಿ. ಎಂಬ ಹಾರ್ಮೋನು ಏರುತ್ತದೆ, ಮೂತ್ರಪಿಂಡಗಳು ನೀರನ್ನೂ ಸೋಡಿಯಮ್ಮನ್ನೂ ಹೊರಚೆಲ್ಲತೊಡಗುತ್ತವೆ. ಒಟ್ಟು ರಕ್ತ ಒಂದು ತೊಟ್ಟೂ ಹೆಚ್ಚಿರುವುದಿಲ್ಲ. ಅದು ಜಾಗ ಬದಲಿಸಿರುತ್ತದೆ, ಅಷ್ಟೇ. ಜರ್ಮನಿಯ ಆಟೊ ಗಾವರ್ ಮತ್ತು ಅಮೆರಿಕದ ಜೇಮ್ಸ್ ಹೆನ್ರಿ 1950ರ ದಶಕದಲ್ಲಿ ಹೃದಯದ ಹಿಗ್ಗುವಿಕೆಗೂ ಮೂತ್ರಕ್ಕೂ ಇರುವ ಈ ನಂಟನ್ನು ತೋರಿಸಿದರು. ಹೃದಯವೂ ಹಾರ್ಮೋನು ಸ್ರವಿಸುವ ಅಂಗವೆಂಬುದು 1981ರಲ್ಲಿ, ಕೆನಡಾದಲ್ಲಿ ಅಡಾಲ್ಫೊ ಡಿ ಬೋಲ್ಡ್ ಅವರ ಪ್ರಯೋಗಗಳಿಂದ ಬೆಳಕಿಗೆ ಬಂತು.

ಪಳಗಿದ ಸವಾರ ಹೆಚ್ಚಿನ ಸಮಯವನ್ನು ಹಲಗೆಯ ಮೇಲೆ, ನೀರಿನಿಂದ ಹೊರಗೆ ಕಳೆಯುವುದರಿಂದ ಅವನ ನಷ್ಟ ಬಹುತೇಕ ಬೆವರಿನದು. ಕಲಿಯುವವರ ಕಥೆ ಬೇರೆ. ಪಟದ ಎಳೆತಕ್ಕೆ ಮೈಯೊಡ್ಡಿ ನೀರಿನಲ್ಲಿ ಜಾರುವುದು, ಬೀಳುವುದು, ತೇಲಿಹೋದ ಹಲಗೆಯನ್ನು ಹಿಂಬಾಲಿಸುವುದು, ದಾರಗಳ ಸಿಕ್ಕು ಬಿಡಿಸುತ್ತ ನಿಲ್ಲುವುದು ಇವುಗಳಲ್ಲಿಯೇ ಅವರ ದಿನ ಕಳೆಯುವುದರಿಂದ ಅವರು ಎರಡೂ ದಾರಿಯಲ್ಲಿ ನೀರು ಕಳೆದುಕೊಳ್ಳುತ್ತಾರೆ. ಸೊಂಟದವರೆಗಿನ ನೀರಿನಲ್ಲಿ ನಿಂತಾಗ ಪರಿಣಾಮ ಕುತ್ತಿಗೆಯವರೆಗಿನ ನೀರಿನಷ್ಟು ತೀವ್ರವಲ್ಲವೆಂಬುದೂ ನಿಜ. ನೀರಿನಲ್ಲಿ ನೆನೆದು ಬೆರಳ ತುದಿ ಸುಕ್ಕುಗಟ್ಟಿದ್ದನ್ನು ಕಂಡು ಚರ್ಮ ನೀರು ಕುಡಿದಿದೆಯೆಂದು ತಿಳಿಯುವವರು ಇದ್ದಾರೆ. ಆ ಸುಕ್ಕು ನರಗಳ ಆಜ್ಞೆಯಂತೆ ಬೆರಳಿನ ರಕ್ತನಾಳಗಳು ಕುಗ್ಗುವುದರಿಂದ ಆಗುವಂಥದು. ನರ ಕಡಿದುಹೋದ ಬೆರಳು ಎಷ್ಟು ನೆನೆದರೂ ಹಾಗೆ ಸುಕ್ಕುಗಟ್ಟದು. ಚರ್ಮದ ಮೂಲಕ ದೇಹದ ದಾಹ ತೀರುವುದಿಲ್ಲ.

ದಾಹವಾದರೂ ನಂಬತಕ್ಕ ಎಚ್ಚರಿಕೆಯೇ ಎಂದು ಕೇಳಬಹುದು. ಮಿದುಳಿನ ಹೈಪೋಥಲಾಮಸ್ ಎಂಬ ಭಾಗದಲ್ಲಿರುವ ಕೋಶಗಳು ರಕ್ತದ ಲವಣಸಾಂದ್ರತೆ ನೂರಕ್ಕೆ ಒಂದೆರಡು ಪಾಲು ಹೆಚ್ಚಿದರೂ ಅದನ್ನು ಗುರುತಿಸಿ ಬಾಯಾರಿಕೆಯನ್ನು ಹುಟ್ಟಿಸುತ್ತವೆ. ನಡೆಯುವವರಿಗೂ ಕುಳಿತು ಕೆಲಸ ಮಾಡುವವರಿಗೂ ಈ ವ್ಯವಸ್ಥೆ ಸಾಕು. ಕಡಲ ಮೇಲೆ ಅದು ಎಡವುವುದಕ್ಕೆ ಹಲವು ಕಾರಣಗಳಿವೆ. ತಂಪಾದ ಚರ್ಮದಿಂದ ರಕ್ತ ಒಳಗೆ ಸರಿದಾಗಲೂ, ಮುಳುಗಿ ನಿಂತಾಗಲೂ ಎದೆ ತುಂಬಿದಂತೆ ಕಾಣುವುದರಿಂದ ದಾಹ ಮಂದವಾಗುತ್ತದೆ. ಇನ್ನೊಂದೆಡೆ, ಬಿದ್ದಾಗಲೆಲ್ಲ ಬಾಯಿಗೆ ನುಗ್ಗುವ ಉಪ್ಪುನೀರಿನಿಂದ ತುಟಿ ಬಿರಿದು, ನಾಲಿಗೆ ಒಣಗಿ, ಇಲ್ಲದ ದಾಹವೂ ಇದೆಯೆನಿಸುತ್ತದೆ. ಇರುವುದು ಮರೆಯಾಗಿ ಇಲ್ಲದ್ದು ಕಾಣಿಸಿಕೊಳ್ಳುವ ಈ ಗೊಂದಲದಲ್ಲಿ, ದಡಕ್ಕೆ ಬಂದವರು ಮೊದಲು ಒಂದು ಗುಟುಕು ಸಿಹಿನೀರಿನಿಂದ ಬಾಯಿ ಮುಕ್ಕಳಿಸಿ ಉಗುಳಿದ ಮೇಲೆಯೇ ತಮಗೆ ನಿಜವಾಗಿ ಎಷ್ಟು ಬಾಯಾರಿದೆಯೆಂದು ನೋಡಿಕೊಳ್ಳಬೇಕು.

ಒಳಗಿಳಿದ ಕಡಲ ನೀರಿನ ಲೆಕ್ಕವನ್ನೂ ಇಲ್ಲಿಯೇ ನೋಡಬಹುದು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಮನುಷ್ಯನ ಮೂತ್ರಪಿಂಡ ತನ್ನ ಶಕ್ತಿಮೀರಿ ದುಡಿದರೂ ಒಂದು ಲೀಟರ್ ಮೂತ್ರದಲ್ಲಿ ಹೊರಹಾಕಬಲ್ಲದ್ದು ಸುಮಾರು 20 ಗ್ರಾಂ. ಹೀಗಾಗಿ 30 ಮಿಲಿಲೀಟರಿನ ಒಂದು ದೊಡ್ಡ ಗುಟುಕು ನುಂಗಿದರೆ ಒಂದು ಗ್ರಾಂ ಉಪ್ಪು ಒಳಸೇರಿ, ಅದನ್ನು ಹೊರಹಾಕಲು 50 ಮಿಲಿಲೀಟರಿನಷ್ಟು ನೀರು ಬೇಕಾಗುತ್ತದೆ. ಒಂದೆರಡು ಗುಟುಕಿಗೆ ಹೆದರಬೇಕಾಗಿಲ್ಲ, ಬೆವರಿನಲ್ಲಿ ಹೋದ ಉಪ್ಪಿಗೆ ಅದು ಒಂದಿಷ್ಟು ಭರ್ತಿಯೂ ಆದೀತು. ಆದರೆ ಅದನ್ನೇ ಉಪ್ಪಿನ ಪಾನೀಯದಂತೆ ಬೇಕೆಂದೇ ಕುಡಿಯುವುದು ಹೊಟ್ಟೆಯನ್ನು ಕೆಡಿಸುವ ದಾರಿ.

ಕ್ರೀಡಾವೈದ್ಯರು ಸಾಮಾನ್ಯವಾಗಿ ಗಡಿಯೆಂದು ಹೇಳುವುದು ದೇಹತೂಕದ ನೂರಕ್ಕೆ ಎರಡು ಪಾಲು ನೀರಿನ ನಷ್ಟವನ್ನು. 70 ಕಿಲೋಗ್ರಾಂ ತೂಕದವರಿಗೆ ಇದು 1.4 ಲೀಟರ್. ಈ ಗಡಿ ದಾಟಿದ ಮೇಲೆ, ವಿಶೇಷವಾಗಿ ಸೆಕೆಯಲ್ಲಿ, ರಕ್ತದ ಪ್ರಮಾಣ ಕುಗ್ಗಿ ಹೃದಯ ಹೆಚ್ಚು ವೇಗದಲ್ಲಿ ಬಡಿಯಬೇಕಾಗುತ್ತದೆ, ಮೈಯ ಒಳಶಾಖ ಏರುತ್ತದೆ, ಸುಲಭವಾಗಿದ್ದ ಕೆಲಸ ಭಾರವೆನಿಸುತ್ತದೆ, ಗಮನ ಚದುರುತ್ತದೆ. ಓಟಗಾರ ದಣಿದರೆ ರಸ್ತೆಬದಿಯಲ್ಲಿ ಕುಳಿತುಬಿಡಬಹುದು. ಕೈಟ್‌ಸರ್ಫಿಂಗ್‌ನಲ್ಲಿ ಅತಿ ನಾಜೂಕಿನ ಕೆಲಸಗಳು ಕೊನೆಗೇ ಬರುತ್ತವೆ: ಗಾಳಿಗೆದುರಾಗಿ ಹಾಯುತ್ತ ಹೊರಟ ಜಾಗಕ್ಕೇ ಮರಳಬೇಕು, ಜನ ಮತ್ತು ಮರಗಳಿಲ್ಲದ ಕಡೆ ಪಟವನ್ನು ಇಳಿಸಬೇಕು, ಗಾಳಿಯ ಹೊಡೆತ ಎದ್ದರೆ ಪಟವನ್ನು ಹಾರ್ನೆಸ್‌ಗೆ ಸೇರಿಸುವ ಚಿಕನ್ ಲೂಪ್ ಎಂಬ ಕುಣಿಕೆಯನ್ನು ಕ್ಷಣದಲ್ಲಿ ಬಿಡಿಸಬೇಕು, ಇಲ್ಲವೇ ನಡುನೀರಿನಲ್ಲಿ ದಾರ ಸುತ್ತಿಕೊಂಡು ಪಟವನ್ನೇ ದೋಣಿಯಾಗಿಸಿ ದಡ ಸೇರಬೇಕು. ಇವೆಲ್ಲ ಮೂರನೆಯ ಗಂಟೆಯ ಮಂಕು ಬಡಿದ ತಲೆಯ ಪಾಲಿಗೆ ಬರುವುದರಿಂದ, ಈ ಆಟದಲ್ಲಿ ನೀರಿನ ಲೆಕ್ಕ ಶಕ್ತಿಯ ಪ್ರಶ್ನೆಗಿಂತ ಹೆಚ್ಚಾಗಿ ಸುರಕ್ಷತೆಯ ಪ್ರಶ್ನೆ. ತೊಡೆಯೋ ಮೀನಖಂಡವೋ ಹಿಡಿದುಕೊಂಡರೆ ಮಾತ್ರ ಅದಕ್ಕೆ ನೀರಿನ ಕೊರತೆಯೇ ಕಾರಣವೆಂದು ಖಚಿತವಾಗಿ ಹೇಳಲಾಗದು. ಸ್ನಾಯುವಿನ ದಣಿವಿನಿಂದ ನರಗಳ ಹಿಡಿತ ತಪ್ಪುವುದೇ ಮುಖ್ಯ ಕಾರಣವೆಂದು ವಾದಿಸುವ ತಜ್ಞರೂ ಇದ್ದಾರೆ.

ಇಷ್ಟೆಲ್ಲ ಓದಿದವರಿಗೆ ಬಾಟಲಿಗಟ್ಟಲೆ ನೀರು ಕುಡಿದು ಇಳಿಯುವುದೇ ಉಪಾಯವೆಂದು ತೋರಬಹುದು. ಕ್ರೀಡಾಲೋಕ ಆ ತಪ್ಪನ್ನೂ ಒಮ್ಮೆ ಮಾಡಿ ಪಾಠ ಕಲಿತಿದೆ. ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ದೂರದೋಟದಲ್ಲಿ 1981ರ ಹೊತ್ತಿಗೇ, ಅತಿಯಾಗಿ ನೀರು ಕುಡಿದು ರಕ್ತದ ಸೋಡಿಯಂ ತೆಳುವಾಗಿ ಅಸ್ವಸ್ಥರಾದವರು ಕಂಡುಬಂದಿದ್ದರು; ವೈದ್ಯ ಟಿಮ್ ನೋಕ್ಸ್ ಅಂಥ ಪ್ರಕರಣಗಳನ್ನು 1985ರಲ್ಲಿ ಪ್ರಕಟಿಸಿದರು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಅವರಲ್ಲಿ ನೂರಕ್ಕೆ 13 ಮಂದಿಯ ಸೋಡಿಯಂ ಮಟ್ಟ ಇಳಿದಿತ್ತೆಂಬುದು 2005ರಲ್ಲಿ ಪ್ರಕಟವಾಯಿತು. ಹೈಪೋನಟ್ರೀಮಿಯ ಎಂದು ಕರೆಯುವ ಈ ಸ್ಥಿತಿಯಲ್ಲಿ ನೀರು ರಕ್ತದಿಂದ ಕೋಶಗಳೊಳಕ್ಕೆ ನುಗ್ಗಿ ಮಿದುಳು ಊದಿಕೊಳ್ಳುವುದರಿಂದ ತಲೆನೋವು, ವಾಂತಿ, ಗೊಂದಲ, ಕಡೆಗೆ ಸೆಳವು ಮತ್ತು ಸಾವಿನವರೆಗೂ ಹೋಗಬಹುದು. ನೋಕ್ಸ್ ಮತ್ತು ಅವರ ಬಳಗ ದಾಹವಾದಾಗಲಷ್ಟೇ ಕುಡಿಯಿರಿ ಎಂದರೆ, ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಸಂಸ್ಥೆಯ 2007ರ ನಿಲುವು ತಮ್ಮ ತಮ್ಮ ಬೆವರಿನ ಪ್ರಮಾಣ ತಿಳಿದು ಮೊದಲೇ ಯೋಜಿಸಿ ಕುಡಿಯಿರಿ ಎನ್ನುತ್ತದೆ. ರಸ್ತೆಯ ಮೇಲಿನ ಓಟದಲ್ಲಿ ನೋಕ್ಸ್ ಅವರ ಮಾತಿಗೆ ಹೆಚ್ಚು ಬೆಲೆಯಿರಬಹುದು; ದಾಹದ ಸೂಚನೆಯೇ ಮಸುಕಾಗುವ ಕಡಲ ಮೇಲೆ ಯೋಜನೆಯ ಪಕ್ಷವೇ ಬಲವಾದದ್ದು. ಆದರೆ ಆ ಯೋಜನೆಗೆ ಮೇಲಿನ ಮಿತಿಯೂ ಇರಬೇಕು: ಕಳೆದುಕೊಂಡದ್ದಕ್ಕಿಂತ ಹೆಚ್ಚು ಕುಡಿದು, ಆಟದ ಕೊನೆಗೆ ತೂಕ ಏರಿದ್ದರೆ ಅದು ಖಂಡಿತವಾಗಿ ಅತಿಯಾಯಿತು.

ಬೆವರನ್ನು ಅಳೆಯಲು ಬೇಕಾದ ಉಪಕರಣ ಒಂದು ಸಾಧಾರಣ ತೂಕದ ಯಂತ್ರ. ಇಳಿಯುವ ಮುನ್ನ ಮೂತ್ರ ವಿಸರ್ಜಿಸಿ, ಕನಿಷ್ಠ ಬಟ್ಟೆಯಲ್ಲಿ ತೂಗಿಕೊಳ್ಳಬೇಕು. ಮೇಲೆ ಬಂದ ಮೇಲೆ ಉಡುಪು, ಹಾರ್ನೆಸ್ ತೆಗೆದು, ತಲೆಗೂದಲನ್ನೂ ಒರೆಸಿಕೊಂಡು ಮತ್ತೆ ಅಷ್ಟೇ ಬಟ್ಟೆಯಲ್ಲಿ ತೂಗಬೇಕು, ಏಕೆಂದರೆ ನೆನೆದ ಬಟ್ಟೆ ಹೊತ್ತ ನೀರೇ ಲೆಕ್ಕವನ್ನು ಕೆಡಿಸಬಲ್ಲದು. ಉದಾಹರಣೆಗೆ 70 ಕಿಲೋ ತೂಕದವರು ಎರಡು ಗಂಟೆಯ ಬಳಿಕ 68.8 ತೂಗಿದರೆ, ಮತ್ತು ನಡುವೆ ಅರ್ಧ ಲೀಟರ್ ಕುಡಿದಿದ್ದರೆ, ಅವರ ಒಟ್ಟು ನಷ್ಟ 1.7 ಲೀಟರ್, ಗಂಟೆಗೆ 850 ಮಿಲಿಲೀಟರ್. ಇದರಲ್ಲಿ ಮೂತ್ರವೂ ಸೇರಿದೆ, ಆದರೆ ಭರ್ತಿಯ ಲೆಕ್ಕಕ್ಕೆ ಅದೂ ನಷ್ಟವೇ. ಬೇಸಿಗೆಯಲ್ಲೊಮ್ಮೆ, ಡಿಸೆಂಬರಿನಿಂದಾಚೆಗಿನ ಈಶಾನ್ಯ ಗಾಳಿಯ ಕಾಲದಲ್ಲೊಮ್ಮೆ ಹೀಗೆ ತೂಗಿಕೊಂಡವರಿಗೆ ಬೇರೆಯವರ ಸಲಹೆಗಳ ಅಗತ್ಯ ಬಹಳಷ್ಟು ಕಡಿಮೆಯಾಗುತ್ತದೆ. ಮೂತ್ರದ ಬಣ್ಣ ನೋಡಿ ತಿಳಿಯುವ ಕ್ರಮ ಬೆಳಗಿನ ಹೊತ್ತು ಒಳ್ಳೆಯದು. ಕಡಲಿನಿಂದ ಆಗತಾನೆ ಎದ್ದು ಬಂದವರನ್ನು ಮಾತ್ರ ಅದು ದಾರಿತಪ್ಪಿಸಬಹುದು, ಏಕೆಂದರೆ ಮುಳುಗುವಿಕೆಯಿಂದ ಬಂದ ಮೂತ್ರ ದೇಹದಲ್ಲಿ ನೀರು ಕೊರೆಯಾಗಿದ್ದಾಗಲೂ ತಿಳಿಯಾಗಿಯೇ ಇರಬಲ್ಲದು.

ಏನನ್ನು ಕುಡಿಯಬೇಕೆಂಬ ಪ್ರಶ್ನೆಗೆ ಉತ್ತರ ಅವಧಿಯನ್ನು ಅವಲಂಬಿಸಿದೆ. ಒಂದು ಗಂಟೆಯ ಆಟಕ್ಕೆ ಬರಿನೀರು ಸಾಕು. ಎರಡು ಗಂಟೆ ದಾಟಿದರೆ ಉಪ್ಪಿನ ಮಾತು ಬರುತ್ತದೆ: ಒಂದು ಲೀಟರ್ ಬೆವರಿನಲ್ಲಿ ಸರಾಸರಿ ಒಂದು ಗ್ರಾಂ ಸೋಡಿಯಂ, ಎಂದರೆ ಎರಡೂವರೆ ಗ್ರಾಂ ಅಡುಗೆ ಉಪ್ಪು ಹೋಗುತ್ತದೆ. ಸಕ್ಕರೆಯ ಪಾತ್ರ ರುಚಿಗಷ್ಟೇ ಸೀಮಿತವಲ್ಲ. ಸಣ್ಣಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿಯೇ ಒಳಸೇರುತ್ತವೆ, ಅವುಗಳ ಹಿಂದೆ ನೀರು ಬರುತ್ತದೆ. ರಾಬರ್ಟ್ ಕ್ರೇನ್ 1960ರಲ್ಲಿ ವಿವರಿಸಿದ ಈ ಜೋಡಿಸಾಗಣೆಯೇ ಓ.ಆರ್.ಎಸ್. ಎಂಬ ಜೀವಜಲದ ಆಧಾರ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬೊಂಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂದಾಗ, ವೈದ್ಯ ದಿಲೀಪ್ ಮಹಾಲನಬಿಸ್ ಅದೇ ತತ್ತ್ವದ ದ್ರಾವಣವನ್ನು ಡ್ರಮ್‌ಗಳಲ್ಲಿ ಬೆರೆಸಿ ಕುಡಿಸಿ ಬಹಳ ಜೀವಗಳನ್ನು ಉಳಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ 2002ರ ಸೂತ್ರದಂತೆ ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತವೆ. ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ 1965ರಲ್ಲಿ ಹುಟ್ಟಿದ ಗೇಟರೇಡ್‌ನಂಥ ಕ್ರೀಡಾಪಾನೀಯಗಳಲ್ಲಿ ಉಪ್ಪು ಇದಕ್ಕಿಂತ ಬಹಳ ಕಡಿಮೆ, ಸಕ್ಕರೆ ಹೆಚ್ಚು. ಪಾಂಬನ್ ಕಡೆಯ ತಾಳೆಮರದ ನೀರಾ ಮತ್ತು ತಾಟಿನುಂಗು, ಎಲ್ಲೆಡೆ ಸಿಗುವ ಎಳನೀರು ಇವೆಲ್ಲ ಹಿತವಾದವೇ. ಆದರೆ ಎಳನೀರಿನಲ್ಲಿ ಪೊಟ್ಯಾಸಿಯಂ ಸಮೃದ್ಧವಾಗಿದ್ದು ಸೋಡಿಯಂ ಕಡಿಮೆಯಿರುವುದರಿಂದ ಅದೊಂದನ್ನೇ ನಂಬಬಾರದು. ಉಪ್ಪು ಬೆರೆಸಿದ ನೀರುಮಜ್ಜಿಗೆ ಈ ದೃಷ್ಟಿಯಿಂದ ಅದಕ್ಕಿಂತ ಮೇಲು. ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆಯಿರುವವರು ಉಪ್ಪಿನ ವಿಷಯದಲ್ಲಿ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ನೀರನ್ನು ಹೊತ್ತೊಯ್ಯುವುದು ಹೇಗೆ? 1980ರ ದಶಕದ ಕೊನೆಗೆ ಅಮೆರಿಕದ ಟೆಕ್ಸಾಸಿನ ಬಿರುಬೇಸಿಗೆಯ ಸೈಕಲ್ ಸ್ಪರ್ಧೆಯೊಂದರಲ್ಲಿ ಮೈಕಲ್ ಐಡ್ಸನ್ ಎಂಬ ತುರ್ತುಚಿಕಿತ್ಸಕ, ಸಲೈನ್ ಚೀಲಕ್ಕೆ ನೀರು ತುಂಬಿ, ಅದನ್ನು ಉದ್ದನೆಯ ಕಾಲುಚೀಲದೊಳಗೆ ತುರುಕಿ ಬೆನ್ನಿಗೆ ಕಟ್ಟಿಕೊಂಡು, ಕೊಳವೆಯಿಂದ ಹೀರುತ್ತ ಹೋದದ್ದರಿಂದ ಇಂದಿನ ಬೆನ್ನಚೀಲದ ನೀರು ಬಂತು. ಪಟ ಹಾರಿಸುವವರಿಗೆ ಅದು ಅರೆಮನಸ್ಸಿನಿಂದಷ್ಟೇ ಹೇಳಬಹುದಾದ ಉಪಾಯ. ಒಂದೂವರೆ ಲೀಟರ್ ನೀರೆಂದರೆ ನೆಗೆತದಲ್ಲಿ ಅತ್ತಿತ್ತ ಹೊಯ್ದಾಡುವ ಒಂದೂವರೆ ಕಿಲೋ ಭಾರ. ಚೀಲದ ಪಟ್ಟಿ ಹಾರ್ನೆಸ್‌ನ ಮೇಲೆ ಬಂದು ಬಿಡುಗಡೆಯ ಹಿಡಿಯನ್ನು ಮುಚ್ಚಿದರೆ, ಅಥವಾ ನೇತಾಡುವ ಕೊಳವೆ ದಾರಕ್ಕೆ ಸಿಕ್ಕಿದರೆ, ದಾಹಕ್ಕಿಂತ ದೊಡ್ಡ ಅಪಾಯ. ಪೋರ್ಚುಗಲ್ಲಿನ ಫ್ರಾನ್ಸಿಸ್ಕೊ ಲುಫಿನ್ಯ 2015ರಲ್ಲಿ ಲಿಸ್ಬನ್‌ನಿಂದ ಮಡೈರ ದ್ವೀಪಕ್ಕೆ 850 ಕಿಲೋಮೀಟರಿಗೂ ಹೆಚ್ಚು ದೂರವನ್ನು ಎರಡು ದಿನಗಳಲ್ಲಿ ಪಟದ ಮೇಲೆಯೇ ಕ್ರಮಿಸಿದಂಥ ಯಾನಗಳಿಗೆ ಹಾಯುವಾಗಲೇ ಕುಡಿಯುವ ಏರ್ಪಾಡು ಬೇಕೇ ಬೇಕು. ದಡದ ಬಳಿಯೇ ಆಡುವವರಿಗೆ ನೆರಳಿನಲ್ಲಿಟ್ಟ ತಣ್ಣನೆಯ ಬಾಟಲಿ, ಮತ್ತು ಮುಕ್ಕಾಲು ಗಂಟೆಗೊಮ್ಮೆ ತಪ್ಪದೆ ದಡಕ್ಕೆ ಬರುವ ಶಿಸ್ತು ಇವೆರಡು ಸಾಕು. ಪ್ರತಿಸಲ ಎರಡು ಮೂರು ಲೋಟದಷ್ಟು ಗುಟುಕು ಗುಟುಕಾಗಿ ಕುಡಿಯಬೇಕು. ಹೊಟ್ಟೆಯಿಂದ ಕರುಳಿಗೆ ಗಂಟೆಗೆ ಸುಮಾರು ಒಂದು ಲೀಟರಿಗಿಂತ ಹೆಚ್ಚು ಸಾಗದಿರುವುದರಿಂದ, ಕೊನೆಗೊಮ್ಮೆ ಎರಡು ಲೀಟರ್ ಸುರಿದುಕೊಂಡರೆ ಹೊಟ್ಟೆ ತೊಳಸುತ್ತದೆ, ಅಷ್ಟೇ. ನೀರಿಗಿಳಿಯುವ ನಾಲ್ಕು ಗಂಟೆ ಮೊದಲು ದೇಹತೂಕದ ಪ್ರತಿ ಕಿಲೋಗೆ 5ರಿಂದ 7 ಮಿಲಿಲೀಟರ್ ಕುಡಿದಿದ್ದರೆ ಹೆಚ್ಚಾದದ್ದು ಹೊರಹೋಗಲು ಸಮಯವೂ ಸಿಗುತ್ತದೆ.

ಆಟ ಮುಗಿದ ಮೇಲೆ, ಕಳೆದ ಪ್ರತಿ ಕಿಲೋಗ್ರಾಮಿಗೆ ಒಂದೂವರೆ ಲೀಟರಿನಂತೆ ಕೆಲವು ಗಂಟೆಗಳಲ್ಲಿ ಭರ್ತಿ ಮಾಡುವುದು ರೂಢಿ. ಅರ್ಧ ಲೀಟರ್ ಹೆಚ್ಚಿಗೆ ಹೇಳಿರುವುದು ಮೂತ್ರದಲ್ಲಿ ಮತ್ತೆ ಹೋಗುವ ಪಾಲಿಗಾಗಿ. ಉಪ್ಪಿರುವ ಊಟ ಜೊತೆಗಿದ್ದರೆ ಕುಡಿದ ನೀರು ದೇಹದಲ್ಲಿ ಹೆಚ್ಚು ಉಳಿಯುವುದರಿಂದ, ಗಂಜಿ ಮತ್ತು ಉಪ್ಪಿನಕಾಯಿ, ಸಾರನ್ನ, ಮೀನುಸಾರು ಯಾವುದಾದರೂ ಆದೀತು. ಕಾಫಿ ಕುಡಿದರೆ ಮೈ ಒಣಗುತ್ತದೆಂಬ ಭಯಕ್ಕೆ, ಅಭ್ಯಾಸವಿರುವವರ ಮಟ್ಟಿಗೆ, ಹೆಚ್ಚಿನ ಆಧಾರವಿಲ್ಲ. ಮದ್ಯ ಹಾಗಲ್ಲ, ನೀರನ್ನು ಹಿಡಿದಿಡುವ ಹಾರ್ಮೋನನ್ನೇ ಅದು ತಡೆಯುತ್ತದೆ, ಮತ್ತು ಗಾಳಿ ಚೆನ್ನಾಗಿದ್ದ ದಿನದ ಸಂಜೆಯೇ ಅದರ ನೆನಪು ಹೆಚ್ಚು. ದಡಕ್ಕೆ ಬಂದವರು ತೊದಲುತ್ತಿದ್ದರೆ, ತತ್ತರಿಸುತ್ತಿದ್ದರೆ, ಮಾತಿಗೆ ಮಾತು ಹೊಂದದಿದ್ದರೆ ಬಾಯಿಗೆ ನೀರು ಹಾಕುವ ಮುನ್ನ ಬಿಸಿಲಾಘಾತವೆಂದೇ ಭಾವಿಸಿ ನೆರಳಿಗೆ ತಂದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸಿ, ಆಸ್ಪತ್ರೆಗೆ ಸಾಗಿಸಬೇಕು. ಅರೆಪ್ರಜ್ಞೆಯಲ್ಲಿರುವವರಿಗೆ ಕುಡಿಸಲು ಹೋಗಬಾರದು.

ರಾಮೇಶ್ವರದ ಗಾಳಿ ಒಮ್ಮೆ ಹಿಡಿದರೆ ವಾರವೆಲ್ಲ ಬೀಸುವಂಥದು, ಮತ್ತು ಬೆಂಗಳೂರಿನಿಂದ ರಜೆ ಹಾಕಿ ಬಂದವರು ಒಂದು ದಿನವನ್ನೂ ಬಿಡಲೊಲ್ಲರು. ಮೊದಲ ದಿನದ ಕೊರೆ ತುಂಬದೆಯೇ ಎರಡನೆಯ ದಿನ ಇಳಿದರೆ ಆ ಸಾಲ ಬೆಳೆಯುತ್ತ ಹೋಗಿ, ಮೂರನೆಯ ಅಥವಾ ನಾಲ್ಕನೆಯ ದಿನ ಕಾರಣ ತಿಳಿಯದ ತಲೆನೋವು, ಸಿಡುಕು, ತೂಕಡಿಕೆಗಳಾಗಿ ಹೊರಬೀಳುತ್ತದೆ. ಹೊಸಬರ ದೇಹ ಸೆಕೆಗೆ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಬೇಕಾಗುತ್ತದೆ; ಒಗ್ಗಿದ ಮೇಲೆ ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದಾದರೂ ಬೆವರಿನ ಪ್ರಮಾಣ ಹೆಚ್ಚುತ್ತದೆಂಬುದನ್ನು ಗಮನಿಸಬೇಕು. ಪ್ರತಿದಿನ ಬೆಳಿಗ್ಗೆ ಮಲಮೂತ್ರ ಮುಗಿಸಿ ತೂಗಿಕೊಳ್ಳುವವರಿಗೆ ಈ ಸಾಲ ಅಂಕಿಯಲ್ಲಿಯೇ ಕಾಣುತ್ತದೆ. ಹಿಂದಿನ ಬೆಳಗಿಗಿಂತ ಒಂದು ಕಿಲೋ ಇಳಿದಿದ್ದು, ಮೂತ್ರವೂ ಗಾಢ ಹಳದಿಯಾಗಿದ್ದರೆ, ಪಟಕ್ಕೆ ಗಾಳಿ ತುಂಬುವ ಕೆಲಸವನ್ನು ಮಧ್ಯಾಹ್ನಕ್ಕೆ ಮುಂದೂಡಿ, ಉಪ್ಪು ಹಾಕಿದ ಗಂಜಿಯಿಂದ ದಿನವನ್ನು ಆರಂಭಿಸಬೇಕಾಗುತ್ತದೆ.